ಇನ್ನೂರೈವತ್ತು ಅಂದ ಮೇಲೆ

ಹೈದರಾಬಾದಿನ ಮೆಹದಿಪಟ್ಟಣಂ ಸುತ್ತಮುತ್ತ ಯಾರದಾದರೂ ಮನೆ ವಿಳಾಸ ಕೇಳಿ ನೋಡಿ. ಬೀದಿಯ ಹೆಸರು ಬರುವ ಮೊದಲು ಪಿಲ್ಲರ್ ನಂಬರ್ ಬರುತ್ತದೆ. ಇಲ್ಲಿಂದ ಆರಾಮ್‌ಘರ್‌ವರೆಗೆ ಹನ್ನೊಂದೂವರೆ ಕಿಲೋಮೀಟರ್ ಉದ್ದಕ್ಕೆ ಹೋಗುವ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 2009ರಲ್ಲಿ ತೆರೆದುಕೊಂಡ ಮೇಲೆ, ಅದನ್ನು ಹೊತ್ತ ಕಂಬಗಳ ಮೇಲಿನ ಅಂಕಿಗಳೇ ಕೆಳಗಿನ ಊರಿಗೆ ವಿಳಾಸವಾಗಿಬಿಟ್ಟವು. ‘ಇಂಥ ಪಿಲ್ಲರ್ ಹತ್ತಿರ ಬಂದು ಫೋನ್ ಮಾಡಿ’ ಅಂದರೆ ಆಟೋದವನು ತಲುಪಿಸುತ್ತಾನೆ. ನಂಬರ್ ಒಂದೆರಡು ಆಚೀಚೆ ಆದರೂ ಪಾನ್ ಡಬ್ಬಿಯವನನ್ನು ಕೇಳಿಯಾದರೂ ತಲುಪಿಸುತ್ತಾನೆ. ಇಮೇಲಿಗೆ ಇಂಥ ಆಟೋದವನಿಲ್ಲ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಅದು ಯಾರಿಗೂ ಹೋಗುವುದಿಲ್ಲ, ಇಲ್ಲವೇ ಗುರುತೇ ಇಲ್ಲದ ಇನ್ನೊಬ್ಬರಿಗೆ ಹೋಗುತ್ತದೆ. ಆಗ ಕಳಿಸಿದವರಿಗೆ ಯಾವಾಗ ಏನು ಗೊತ್ತಾಗುತ್ತದೆ ಎನ್ನುವುದೇ ಈ ಅಧ್ಯಾಯದ ವಿಷಯ. ಅದರಲ್ಲೂ ಕಳಿಸಿದ್ದು ಮನುಷ್ಯರಲ್ಲ, ಒಂದು ಪ್ರೋಗ್ರಾಮ್ ಆಗಿದ್ದರೆ.

ಇಲ್ಲಿಯ ಒಂದು ಅಪಾರ್ಟ್‌ಮೆಂಟನ್ನು ಊಹಿಸಿಕೊಳ್ಳೋಣ. ನಲವತ್ತೆಂಟು ಫ್ಲ್ಯಾಟುಗಳು. ಅರ್ಧ ಉರ್ದು ಮಾತಿನವರು, ಉಳಿದವರಲ್ಲಿ ಹೆಚ್ಚಿನವರು ತೆಲುಗರು, ಬೀದರ್–ಕಲಬುರಗಿ ಕಡೆಯ ಏಳೆಂಟು ಮನೆಗಳು. ಹೈದರಾಬಾದಿಗೆ ಕನ್ನಡವೇನೂ ಹೊಸದಾಗಿ ಬಂದಿದ್ದಲ್ಲ. 1948ರವರೆಗೆ ನಿಜಾಮರ ಕೈಕೆಳಗೆ, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದೊಳಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಈ ಊರಿಗೇ ಸೇರಿದ್ದವು. ಕಾಚಿಗುಡದ ನೃಪತುಂಗ ಶಾಲೆಯ ಹೆಸರು ಹೇಳಿದರೆ ಹಳಬರು ಈಗಲೂ ಒಂದು ತಾಸು ಮಾತಾಡುತ್ತಾರೆ. ಸರಿ, ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ತಿಂಗಳಿಗೆ ನಾಲ್ಕಾರು ಸಲ ಸೂಚನೆ ಕಳಿಸುವ ಕೆಲಸ: ಮೇಂಟೆನೆನ್ಸ್ ಬಾಕಿ, ಲಿಫ್ಟ್ ರಿಪೇರಿ, ‘ನಾಳೆ ಮಂಜೀರಾ ನೀರು ಬರುವುದಿಲ್ಲ’. (ಹೈದರಾಬಾದಿನಲ್ಲಿ ನಗರದ ನಲ್ಲಿ ನೀರಿಗೇ ‘ಮಂಜೀರಾ’ ಎನ್ನುವ ರೂಢಿ ಇದೆ. ಬೀದರ್ ಜಿಲ್ಲೆಯನ್ನು ಹಾದು ಬರುವ ಹೊಳೆ ಅದು ಎಂದು ಬೀದರಿನವರು ಆಗಾಗ ನೆನಪಿಸುವುದುಂಟು.) ಸೂಚನೆ ಮೂರು ಭಾಷೆಯಲ್ಲಿರಬೇಕು. ಪ್ರತಿ ಮನೆಗೆ ಅವರವರ ಬಾಕಿಯ ಮೊತ್ತ ಬೇರೆ. ನಲವತ್ತೆಂಟು ಮೇಲ್ ಕೈಯಲ್ಲಿ ಟೈಪ್ ಮಾಡುವವರು ಯಾರು? ಮೂರನೇ ಮಹಡಿಯ ಇಂಜಿನಿಯರಿಂಗ್ ಹುಡುಗಿ ಹೇಳುತ್ತಾಳೆ: ‘ಅಂಕಲ್, ಪೈಥಾನ್‌ನಲ್ಲಿ ಹತ್ತು ಸಾಲು.’

ಹುಡುಗಿ ಹೇಳಿದ್ದು ನಿಜ. 1991ರಲ್ಲಿ ಗೈಡೊ ವಾನ್ ರಾಸಮ್ ಲೋಕಕ್ಕೆ ಬಿಟ್ಟ ಈ ಭಾಷೆಯ ಜೊತೆಗೇ ಮೇಲ್ ಕಳಿಸುವ ಲೈಬ್ರರಿಯೂ ಬರುತ್ತದೆ, ಬೇರೆ ತಂದು ಹಾಕಿಕೊಳ್ಳಬೇಕಿಲ್ಲ. ಒಂದು ಭಾಗ ಪತ್ರ ಕಟ್ಟುತ್ತದೆ: ಯಾರಿಂದ, ಯಾರಿಗೆ, ವಿಷಯ, ಒಕ್ಕಣೆ. ಇನ್ನೊಂದು ಭಾಗ, ಎಸ್‌ಎಂಟಿಪಿಲಿಬ್, ಅದನ್ನು ಸರ್ವರಿನ ಕೈಗೆ ಕೊಟ್ಟು ಬರುತ್ತದೆ. ಎಕ್ಸೆಲ್ ಪಟ್ಟಿಯಿಂದ ಒಂದೊಂದೇ ಸಾಲು ಓದಿ, ಹೆಸರು ಮತ್ತು ಮೊತ್ತ ತುಂಬಿ, ಕಳಿಸಿ, ಮುಂದಿನ ಸಾಲಿಗೆ ಹೋಗು ಎಂದು ಬರೆದರೆ ಮುಗಿಯಿತು. ಪರದೆಯ ಮೇಲೆ ಏನೂ ಕಾಣುವುದಿಲ್ಲ. ದೋಷ ಬರಲಿಲ್ಲವೆಂದರೆ ಹೋಗಿದೆ ಎಂದುಕೊಳ್ಳುತ್ತೇವೆ.

ನಿಜವಾಗಿ ಏನಾಯಿತೆಂದು ನೋಡಬೇಕಾದರೆ ಲೈಬ್ರರಿಯ ಡೀಬಗ್ ಮಟ್ಟವನ್ನು 1ಕ್ಕೆ ಏರಿಸಬೇಕು. ಆಗ ಪ್ರೋಗ್ರಾಮಿಗೂ ಸರ್ವರಿಗೂ ನಡೆಯುವ ಮಾತು ಅಕ್ಷರಶಃ ಪರದೆಗೆ ಬೀಳುತ್ತದೆ. ಮಾತಿನ ಶೈಲಿ ತುಸು ಒರಟು, ಆದರೆ ಸ್ಪಷ್ಟ. ಸರ್ವರ್ ಮೊದಲು 220 ಅನ್ನುತ್ತದೆ, ಸಿದ್ಧ ಎಂದರ್ಥ. ಪ್ರೋಗ್ರಾಮ್ ‘ಎಹ್ಲೋ’ ಎಂದು ತನ್ನ ಪರಿಚಯ ಹೇಳುತ್ತದೆ. ಸರ್ವರ್ ತನಗೆ ಏನೇನು ಬರುತ್ತದೆಂಬ ಪಟ್ಟಿಯನ್ನು 250ರ ಸಾಲುಗಳಲ್ಲಿ ಒಪ್ಪಿಸುತ್ತದೆ. ಗುಟ್ಟಾಗಿ ಮಾತಾಡೋಣ ಎಂದು ಇಬ್ಬರೂ ಒಪ್ಪಿ ಗೂಢಲಿಪಿಗೆ ಇಳಿಯುತ್ತಾರೆ, ಮತ್ತೆ ಮೊದಲಿಂದ ಎಹ್ಲೋ. ಪಾಸ್‌ವರ್ಡ್ ಸರಿಯಿದ್ದರೆ 235, ತಪ್ಪಿದ್ದರೆ 535. ಆಮೇಲೆ ‘ಈ ಪತ್ರ ಇಂಥವರಿಂದ’, 250. ‘ಇಂಥವರಿಗೆ’, 250. ‘ಒಕ್ಕಣೆ ಕೊಡಲೇ?’ 354, ಕೊಡು. ಪತ್ರ ಪೂರ್ತಿ ಸುರಿದು, ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ. ಅದು ಮುಗಿಯಿತೆಂಬ ಗುರುತು. (ಪತ್ರದೊಳಗೇ ಚುಕ್ಕೆಯಿಂದ ಶುರುವಾಗುವ ಸಾಲಿದ್ದರೆ? ಲೈಬ್ರರಿ ಅಲ್ಲಿ ಇನ್ನೊಂದು ಚುಕ್ಕೆ ಸೇರಿಸುತ್ತದೆ, ಆಚೆಯವರು ಅದನ್ನು ತೆಗೆಯುತ್ತಾರೆ.) ಚುಕ್ಕೆಗೆ ಉತ್ತರವಾಗಿ ಮತ್ತೆ 250. ಅಲ್ಲಿಗೆ ಪ್ರೋಗ್ರಾಮ್ ವಿದಾಯ ಹೇಳುತ್ತದೆ, ಸರ್ವರ್ 221 ಎಂದು ಬಾಗಿಲು ಹಾಕುತ್ತದೆ.

ಅಂಕಿಗಳಲ್ಲಿ ಮೊದಲನೆಯದೇ ಮುಖ್ಯ. 2 ಅಂದರೆ ಆಯಿತು. 3 ಅಂದರೆ ಮುಂದುವರಿಸು. 4 ಅಂದರೆ ಈಗ ಆಗದು, ಆಮೇಲೆ ಬಾ. 5 ಅಂದರೆ ಆಗುವುದೇ ಇಲ್ಲ, ಮತ್ತೆ ಬರಬೇಡ. ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದ ಆರ್‌ಎಫ್‌ಸಿ 821 ಎಂಬ ಕಡತದಲ್ಲಿ ಎಸ್‌ಎಂಟಿಪಿ ಎಂಬ ಈ ಸಂಭಾಷಣೆಯ ಅಸ್ಥಿಪಂಜರ ಇದೆ. ಎಹ್ಲೋ, ಗುಟ್ಟಿನ ಮಾತು, ಪಾಸ್‌ವರ್ಡ್ ಎಲ್ಲ ಆಮೇಲಿನ ಸೇರ್ಪಡೆ. ಉಳಿದದ್ದು ನಲವತ್ತು ವರ್ಷ ದಾಟಿದರೂ ಹಾಗೇ ಇದೆ. ಗಣಕಲೋಕದಲ್ಲಿ ಇಷ್ಟು ಕಾಲ ಮಾತು ಬದಲಿಸದೆ ಬದುಕಿದವು ಬೆರಳೆಣಿಕೆಯಷ್ಟು.

ಈ ಮಾತುಕತೆಯಲ್ಲಿ ಗಮನಿಸಬೇಕಾದ ಒಂದು ವಿಚಿತ್ರ ಇದೆ. ‘ಯಾರಿಂದ’, ‘ಯಾರಿಗೆ’ ಎನ್ನುವುದು ಎರಡು ಕಡೆ ಬರುತ್ತದೆ. ಒಮ್ಮೆ ಸರ್ವರಿಗೆ ಬಾಯಲ್ಲಿ ಹೇಳಿದ್ದು, ಅದು ಲಕೋಟೆ. ಇನ್ನೊಮ್ಮೆ ಪತ್ರದ ತಲೆಯ ಮೇಲೆ ಬರೆದದ್ದು. ಇವೆರಡೂ ಹೊಂದಬೇಕೆಂಬ ನಿಯಮ ಎಸ್‌ಎಂಟಿಪಿಯಲ್ಲಿ ಇಲ್ಲ. ಪತ್ರ ಹೋಗುವುದು ಲಕೋಟೆಯ ವಿಳಾಸಕ್ಕೆ, ಓದುವವರಿಗೆ ಕಾಣುವುದು ಪತ್ರದ ತಲೆ. ಬಿಸಿಸಿ ಕೆಲಸ ಮಾಡುವುದು ಈ ಬಿರುಕಿನಿಂದಲೇ: ಹೆಸರು ಲಕೋಟೆಯ ಮೇಲಿದೆ, ಪತ್ರದಲ್ಲಿಲ್ಲ. ಪೈಥಾನ್ ಲೈಬ್ರರಿ ಕಳಿಸುವ ಮುನ್ನ ಬಿಸಿಸಿ ಸಾಲನ್ನು ತಾನೇ ಕಿತ್ತುಹಾಕುತ್ತದೆ. ಮೋಸದ ಮೇಲ್ ಕೆಲಸ ಮಾಡುವುದೂ ಇದೇ ಬಿರುಕಿನಿಂದ. ಆ ಕಥೆಗೆ ಆಮೇಲೆ ಬರೋಣ.

ಈಗ 250ಕ್ಕೆ. ಚುಕ್ಕೆಯ ನಂತರ ಬರುವ ಆ 250ಕ್ಕೆ ಉಳಿದ 250ಗಳಿಗಿಲ್ಲದ ತೂಕವಿದೆ. ಅದನ್ನು ಹೇಳಿದ ಕ್ಷಣದಿಂದ ಪತ್ರದ ಜವಾಬ್ದಾರಿ ಸರ್ವರಿನದು. ತಲುಪಿಸಬೇಕು, ಆಗದಿದ್ದರೆ ಆಗಲಿಲ್ಲ ಎಂದು ತಿಳಿಸಬೇಕು. ಹೇಳುವವರೆಗೆ ಜವಾಬ್ದಾರಿ ಪ್ರೋಗ್ರಾಮಿನದು. ಹಾಗಾಗಿ 250 ಅಂದರೆ ‘ತಲುಪಿತು’ ಅಲ್ಲ, ‘ನನ್ನ ಕೈಗೆ ಬಂತು’. ಪತ್ರ ಇನ್ನೆಷ್ಟು ಸರ್ವರುಗಳನ್ನು ದಾಟಬೇಕೋ ಅಷ್ಟು ಸಲ ಇದೇ ಸಂಭಾಷಣೆ, ಇದೇ ಚುಕ್ಕೆ, ಇದೇ 250. ಒಬ್ಬರು ಕೈ ಬಿಡುವ ಮೊದಲು ಇನ್ನೊಬ್ಬರು ಹಿಡಿದಿರಬೇಕು.

ಹಿಡಿದ ಮೇಲೂ ಬಿಡದ ಸಂದರ್ಭ ಒಂದಿದೆ. ಪ್ರೋಗ್ರಾಮ್ ಚುಕ್ಕೆ ಇಟ್ಟಿತು, ಸರ್ವರ್ ಪತ್ರವನ್ನು ಡಿಸ್ಕಿಗೆ ಬರೆದುಕೊಂಡು 250 ಅಂತು, ಅಷ್ಟರಲ್ಲಿ ಕರೆಂಟು ಹೋಗಿ ರೌಟರ್ ಆರಿತು. 250 ಪ್ರೋಗ್ರಾಮಿಗೆ ಕೇಳಿಸಲಿಲ್ಲ. ಸರ್ವರಿನ ಪ್ರಕಾರ ಜವಾಬ್ದಾರಿ ತನ್ನದು, ಪ್ರೋಗ್ರಾಮಿನ ಪ್ರಕಾರವೂ ತನ್ನದೇ. ಕರೆಂಟು ಬಂದ ಮೇಲೆ ಪ್ರೋಗ್ರಾಮ್ ಮತ್ತೆ ಕಳಿಸುತ್ತದೆ. ಒಂದೇ ನೋಟಿಸು ಎರಡು ಸಲ ಬರುತ್ತದೆ. ಕ್ರೇಗ್ ಪಾರ್ಟ್ರಿಜ್ 1988ರಲ್ಲಿ ಈ ಒಂದು ಸಂದಿಯ ಬಗ್ಗೆಯೇ ಪ್ರತ್ಯೇಕ ಆರ್‌ಎಫ್‌ಸಿ ಬರೆದರು, ಸಂಖ್ಯೆ 1047. ಚುಕ್ಕೆ ಬಂದ ಕೂಡಲೇ ಸರ್ವರ್ ಉತ್ತರ ಕೊಟ್ಟುಬಿಡಬೇಕು, ಪತ್ರವನ್ನು ಬಿಡಿಸಿ ನೋಡುವ ಕೆಲಸ ಆಮೇಲೆ ಇಟ್ಟುಕೊಳ್ಳಬೇಕು ಎಂದರು. ಸಂದಿ ಕಿರಿದಾಗುತ್ತದೆ, ಮುಚ್ಚುವುದಿಲ್ಲ. ದೂರದಲ್ಲಿರುವ ಇಬ್ಬರ ನಡುವೆ ದಾರಿ ನಂಬುವಂತಿಲ್ಲದಿದ್ದರೆ, ‘ಕೊನೆಯ ಮಾತು ನಿನಗೆ ಕೇಳಿಸಿತೇ’ ಎಂಬುದನ್ನು ಇಬ್ಬರೂ ಖಚಿತವಾಗಿ ತಿಳಿಯುವ ಉಪಾಯವೇ ಇಲ್ಲ ಎಂದು ಗಣಕವಿಜ್ಞಾನಿಗಳು ಸಾಧಿಸಿ ತೋರಿಸಿದ್ದಾರೆ. ಕಳೆದುಹೋಗುವುದಕ್ಕಿಂತ ಎರಡು ಸಲ ಬರುವುದು ವಾಸಿ ಎಂಬ ಆಯ್ಕೆಯನ್ನು ಇಮೇಲ್ ಮಾಡಿಕೊಂಡಿದೆ. ಈಗಿನ ನಿಯಮದಲ್ಲಿ ಚುಕ್ಕೆಯ ಉತ್ತರಕ್ಕೆ ಹತ್ತು ನಿಮಿಷ ಕಾಯಬೇಕೆಂದಿದೆ. ಎಸ್‌ಎಂಟಿಪಿಲಿಬ್‌ಗೆ ನೀವಾಗಿ ಅವಧಿ ಹೇಳದಿದ್ದರೆ ಅದು ಸುಮ್ಮನೆ ಕಾಯುತ್ತ ಕೂತುಬಿಡುವುದೂ ಉಂಟು.

ನಮ್ಮ ಸ್ಕ್ರಿಪ್ಟಿನಲ್ಲಿ ಇದಕ್ಕಿಂತ ದೊಡ್ಡ ಸಂದಿ ಇದೆ. ಮೂವತ್ತನೆಯ ಫ್ಲ್ಯಾಟಿನ ಹತ್ತಿರ ಏನೋ ದೋಷ ಬಂದು ನಿಂತಿತು ಎನ್ನೋಣ. ಹುಡುಗಿ ಸರಿಪಡಿಸಿ ಮತ್ತೆ ಮೊದಲಿಂದ ಓಡಿಸಿದರೆ ಇಪ್ಪತ್ತೊಂಬತ್ತು ಮನೆಗೆ ಬಾಕಿ ಕಟ್ಟಿ ಎಂದು ಎರಡನೆಯ ಸಲ ಹೋಗುತ್ತದೆ, ಸಂಜೆ ಲಿಫ್ಟಿನಲ್ಲಿ ಕಾರ್ಯದರ್ಶಿಗೆ ಮಂಗಳಾರತಿ. ಒಂದೊಂದು 250 ಬಂದ ಹಾಗೂ ಪಟ್ಟಿಯ ಆ ಸಾಲಿಗೆ ಒಂದು ಗುರುತು ಹಾಕಿ ಫೈಲಿಗೆ ಬರೆದಿಡುವುದು ಇದಕ್ಕೆ ಮದ್ದು. ಹತ್ತು ಸಾಲಿನ ಸ್ಕ್ರಿಪ್ಟು ಇಪ್ಪತ್ತು ಸಾಲಾಗುವುದು ಇಂಥಲ್ಲೇ.

ಇನ್ನೊಂದು ಬಲೆ ಇದೆ, ಅನುಭವಸ್ಥರೂ ಬೀಳುವಂಥದು. ಒಂದೇ ಪತ್ರವನ್ನು ನಲವತ್ತೆಂಟು ಜನಕ್ಕೆ ಒಟ್ಟಿಗೆ ಕೊಟ್ಟರೆ ಸರ್ವರ್ ಪ್ರತಿ ವಿಳಾಸಕ್ಕೂ ಬೇರೆಬೇರೆ ಉತ್ತರ ಕೊಡುತ್ತದೆ. ಎಲ್ಲ ನಲವತ್ತೆಂಟನ್ನೂ ನಿರಾಕರಿಸಿದರೆ ಮಾತ್ರ ಪೈಥಾನ್ ಲೈಬ್ರರಿ ದೋಷವೆಂದು ಕೂಗುತ್ತದೆ. ಒಂದನ್ನು ಒಪ್ಪಿ ನಲವತ್ತೇಳನ್ನು ತಳ್ಳಿದರೂ ಅದರ ಲೆಕ್ಕದಲ್ಲಿ ಕೆಲಸ ಆಯಿತು. ತಳ್ಳಿದವರ ಪಟ್ಟಿಯನ್ನು ಮಾತ್ರ ಸದ್ದಿಲ್ಲದೆ ಕೈಗೆ ಕೊಡುತ್ತದೆ. ಆ ಪಟ್ಟಿಯನ್ನು ಹಿಡಿದು ನೋಡುವ ಸಾಲು ಬರೆಯದಿದ್ದರೆ ಅದು ಗಾಳಿಗೆ ಹೋಯಿತು. ಲೈಬ್ರರಿ ಬರೆದವರ ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ಕೈಪಿಡಿಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ ಎಂಬುದನ್ನೂ ಹೇಳಬೇಕು.

ಮನೆಯ ಬ್ರಾಡ್‌ಬ್ಯಾಂಡಿನಿಂದ ಸ್ಕ್ರಿಪ್ಟು ನೇರವಾಗಿ ಪ್ರತಿಯೊಬ್ಬರ ಸರ್ವರಿಗೆ ಹೋಗಿ ಪತ್ರ ಕೊಡಬಾರದೇ ಎಂದು ಕೇಳಬಹುದು. ಸರ್ವರುಗಳು ತಮ್ಮೊಳಗೆ ಮಾತಾಡುವ ದ್ವಾರ 25. ಮನೆ ಸಂಪರ್ಕಗಳಿಗೆ ಅದನ್ನು ಇಂಟರ್‌ನೆಟ್ ಕಂಪನಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ವೈರಸ್ ಹಿಡಿದ ಮನೆ ಕಂಪ್ಯೂಟರುಗಳು ಅಲ್ಲಿಂದಲೇ ಕಸ ಸುರಿಯುತ್ತಿದ್ದವು. ಪತ್ರ ಒಪ್ಪಿಸುವವರಿಗೆಂದೇ 1998ರಲ್ಲಿ 587ನೆಯ ದ್ವಾರ ಗೊತ್ತಾಯಿತು. ಪಾಸ್‌ವರ್ಡ್ ಹೇಳಿ ಒಳಗೆ ಬರಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಲೈಬ್ರರಿಗೆ ತಾಳ್ಮೆ ಇಲ್ಲ, 4ರ ಉತ್ತರ ಬಂದರೆ ಕೈಚೆಲ್ಲುತ್ತದೆ. ಸರ್ವರಿಗೆ ಸರತಿ ಸಾಲಿದೆ. ಅರ್ಧ ಗಂಟೆ ಬಿಟ್ಟು ಮತ್ತೆ, ಇನ್ನೂ ಬಿಟ್ಟು ಮತ್ತೆ, ಹೀಗೆ ನಾಲ್ಕೈದು ದಿನ ಪ್ರಯತ್ನಿಸಬೇಕೆಂದು ನಿಯಮವೇ ಹೇಳುತ್ತದೆ. ಪಾಸ್‌ವರ್ಡಿನ ಮಾತು ಬಂತಲ್ಲ: ಜಿಮೇಲ್ ಖಾತೆಯ ಮಾಮೂಲಿ ಪಾಸ್‌ವರ್ಡನ್ನು ಸ್ಕ್ರಿಪ್ಟಿಗೆ ಕೊಡುವ ಕಾಲ 2022ರ ಮೇ 30ಕ್ಕೆ ಮುಗಿಯಿತು. ಈಗ ಎರಡು ಹಂತದ ಭದ್ರತೆ ಹಾಕಿಕೊಂಡು, ಸ್ಕ್ರಿಪ್ಟಿಗೆಂದೇ ಹದಿನಾರು ಅಕ್ಷರದ ಬೇರೆ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಅದನ್ನೂ ಕೋಡಿನ ನಡುವೆ ಬರೆದಿಟ್ಟು ಆ ಕೋಡನ್ನು ಗೆಳೆಯರಿಗೆಲ್ಲ ಹಂಚುವವರಿದ್ದಾರೆ. ಅವರಿಗೆ ಏನು ಹೇಳುವುದು.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿಸುವುದು ಲಿಪಿಯ ಕಥೆ.

ಪೋಸ್ಟೆಲ್ ಕಾಲದ ಎಸ್‌ಎಂಟಿಪಿ ಏಳು ಬಿಟ್‌ಗಳ ಕೊಳವೆ. ಅದರಲ್ಲಿ ಹೋಗಬಲ್ಲವು 128 ಸಂಕೇತಗಳು ಮಾತ್ರ: ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ. ಒಂದು ಸಾಲು 998 ಸಂಕೇತ ಮೀರುವಂತಿಲ್ಲ. ಚಿತ್ರ, ಹಾಡು, ಕನ್ನಡ ಯಾವುದಕ್ಕೂ ಜಾಗವಿಲ್ಲ. ಬೆಲ್‌ಕೋರ್ ಸಂಸ್ಥೆಯ ನಥಾನಿಯಲ್ ಬೋರೆನ್‌ಸ್ಟೈನ್ 1992ರ ಮಾರ್ಚ್ 11ರಂದು ಒಂದು ಫೋಟೋ ಮತ್ತು ಹಾಡಿನ ತುಣುಕನ್ನು ಮೇಲ್‌ಗೆ ಲಗತ್ತಿಸಿ ಕಳಿಸಿದರು. ಅದು ಅವರದೇ ನಾಲ್ವರ ಹಾಡುಗಾರ ತಂಡದ್ದು. ಕೊಳವೆಯನ್ನು ಅಗಲಿಸುವ ಗೋಜಿಗೆ ಅವರು, ಜೊತೆಗಾರ ನೆಡ್ ಫ್ರೀಡ್ ಹೋಗಲಿಲ್ಲ. ಏನೇ ಇರಲಿ ಅದನ್ನು ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ ಕಳಿಸಿ, ಆಚೆ ದಡದಲ್ಲಿ ವೇಷ ಕಳಚುವ ಏರ್ಪಾಟು ಮಾಡಿದರು. ಅದರ ಹೆಸರು ಮೈಮ್. ವೇಷಗಳಲ್ಲಿ ಮುಖ್ಯವಾದದ್ದು ಬೇಸ್64: ಮೂರು ಬೈಟ್ ತೆಗೆದುಕೊಂಡು, ಅದರ ಇಪ್ಪತ್ತನಾಲ್ಕು ಬಿಟ್‌ಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ 64 ಚಿಹ್ನೆಗಳಲ್ಲಿ ಒಂದನ್ನು ಕೊಡುವುದು.

ಈಗ ಕನ್ನಡವನ್ನು ನೋಡಿ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ ಮೂರು ಬೈಟ್ ಬೇಕು. ಬೇಸ್64 ತುತ್ತು ಮಾಡುವುದೂ ಮೂರೇ ಬೈಟ್. ಅಂದರೆ ಒಂದು ಕನ್ನಡ ಸಂಕೇತ, ಒಂದು ತುತ್ತು, ನಾಲ್ಕು ಇಂಗ್ಲಿಷ್ ಚಿಹ್ನೆ. ‘ಕ’ ಎಂಬುದು ‘4, ಎಲ್, ಕೆ, ವಿ’ ಆಗುತ್ತದೆ. ಪದದೊಳಗೆ ಯಾವ ಕನ್ನಡ ಸಂಕೇತ ತೆಗೆದುಕೊಂಡರೂ ಮೊದಲೆರಡು ಚಿಹ್ನೆ ‘4’ ಮತ್ತು ‘ಎಲ್’. ಮೂರನೆಯದು ವ್ಯಂಜನ, ಸ್ವರ, ಅನುಸ್ವಾರಗಳಿಗೆ ‘ಕೆ’. ಒತ್ತಕ್ಷರ ಮಾಡುವ ಅರ್ಧಚಿಹ್ನೆ ಮತ್ತು ಹೆಚ್ಚಿನ ಕಾಗುಣಿತ ಚಿಹ್ನೆಗಳಿಗೆ ‘ಓ’. ನಾಲ್ಕನೆಯದು ಮಾತ್ರ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ಯಾವುದಾದರೂ ಕನ್ನಡ ಮೇಲ್‌ನ ಮೂಲರೂಪವನ್ನು ತೆರೆದು ನೋಡಿ. ಬೇಸ್64 ವೇಷದಲ್ಲಿದ್ದರೆ ಪುಟದ ತುಂಬ ‘4ಎಲ್‌ಕೆ’, ‘4ಎಲ್‌ಓ’ ಕಣ್ಣಿಗೆ ಹೊಡೆಯುತ್ತವೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ತಾಳ ತಪ್ಪುತ್ತದೆ, ಮೂರು ಪದ ದಾಟಿದ ಮೇಲೆ ಮತ್ತೆ ಕೂಡುತ್ತದೆ.

ತೆಲುಗಿನ ‘ಕ’ ಏನಾಗುತ್ತದೆ? ‘4, ಎಲ್, ಸಿ, ವಿ’. ನಡುವಿನ ಒಂದು ಚಿಹ್ನೆ ಮಾತ್ರ ಬೇರೆ! ಭಾರತೀಯ ಲಿಪಿಗಳಿಗೆ ಮೊದಲು ರೂಪಿಸಿದ್ದ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ಅನುಸರಿಸಿ ಯೂನಿಕೋಡ್ ನಮ್ಮ ಲಿಪಿಗಳನ್ನು ಒಂದೇ ವರಸೆಯಲ್ಲಿ ಜೋಡಿಸಿದೆ. ತೆಲುಗಿನ ಸಂಕೇತಕ್ಕೆ 128 ಕೂಡಿಸಿದರೆ ಅದೇ ಕನ್ನಡ ಅಕ್ಷರ ಸಿಗುತ್ತದೆ. ಮೆಹದಿಪಟ್ಟಣಂನ ಅಂಗಡಿ ಬೋರ್ಡುಗಳನ್ನು ಕನ್ನಡಿಗರು ತಡವರಿಸಿಯಾದರೂ ಓದಿಬಿಡುತ್ತಾರಲ್ಲ, ಆ ನಂಟು ಮೇಲ್ ಕೊಳವೆಯೊಳಗೂ ಹಾಗೆಯೇ ಉಳಿದಿದೆ. ಉರ್ದುವಿನದು ಬೇರೆ ಲೆಕ್ಕ. ಅರಬ್ಬಿ ಲಿಪಿಯ ಆ ಅಕ್ಷರಗಳಿಗೆ ಎರಡೆರಡೇ ಬೈಟ್ ಸಾಕು. ಒಂದೇ ಸೂಚನೆಯ ಮೂರು ರೂಪಗಳಲ್ಲಿ ಉರ್ದುವಿನ ಸಂಕೇತಕ್ಕೆ ಬೀಳುವ ತೂಕ ಕಡಿಮೆ. ಬಲದಿಂದ ಎಡಕ್ಕೆ ಓದಬೇಕೆಂಬುದನ್ನು ಕೊಳವೆ ಅರಿಯದು, ಅದು ಆಚೆ ದಡದ ಪರದೆಯ ಕೆಲಸ.

ಬೇಸ್64ಕ್ಕೆ ಒಬ್ಬ ಎದುರಾಳಿ ಇದ್ದಾನೆ, ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಬಿಟ್ಟು ಉಳಿದ ಪ್ರತಿ ಬೈಟಿಗೂ ಮೂರು ಚಿಹ್ನೆ ಬರೆಯುವ ಪದ್ಧತಿ. ಫ್ರೆಂಚ್, ಜರ್ಮನ್‌ಗಳಿಗೆ ಅದು ಹೇಳಿ ಮಾಡಿಸಿದ್ದು. ಕನ್ನಡಕ್ಕೆ ದಂಡ: ಒಂದು ಸಂಕೇತಕ್ಕೆ ಒಂಬತ್ತು ಚಿಹ್ನೆ. ಪೈಥಾನ್ ಲೈಬ್ರರಿ ಇಲ್ಲಿ ಜಾಣತನ ತೋರುತ್ತದೆ. ಸಾಲುಗಳು ಉದ್ದವಿದ್ದರೆ ಮೊದಲ ಹತ್ತು ಸಾಲನ್ನು ಎರಡೂ ರೀತಿಯಲ್ಲಿ ಕಟ್ಟಿ ನೋಡಿ, ಯಾವುದು ಚಿಕ್ಕದೋ ಅದನ್ನು ಆರಿಸುತ್ತದೆ. ಕನ್ನಡ ತುಂಬಿದ ಪತ್ರಕ್ಕೆ ಆಯ್ಕೆಯಾಗುವುದು ಬೇಸ್64.

ಒಕ್ಕಣೆಗಿಂತ ವಿಷಯದ ಸಾಲು ಹೆಚ್ಚು ಕಾಡುತ್ತದೆ. ಅಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ಪೊಟ್ಟಣ ಕಟ್ಟಿ ಇಡಬೇಕು. ಪ್ರತಿ ಪೊಟ್ಟಣ 75 ಚಿಹ್ನೆ ದಾಟಬಾರದು. ‘ಇದು ಯುಟಿಎಫ್-8, ಬೇಸ್64ರಲ್ಲಿದೆ’ ಎಂಬ ತಲೆಚೀಟಿಗೆ ಮತ್ತು ಬಾಲಕ್ಕೆ ಹನ್ನೆರಡು ಹೋದರೆ 63 ಉಳಿಯುತ್ತದೆ. ನಾಲ್ಕರ ಗುಂಪಿಗೆ ಇಳಿಸಿದರೆ 60, ಅಂದರೆ 45 ಬೈಟ್, ಅಂದರೆ ಹದಿನೈದು ಕನ್ನಡ ಸಂಕೇತ. ಹದಿನೈದು ಅಕ್ಷರವಲ್ಲ, ಸಂಕೇತ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಆರು. ನಮ್ಮ ಕಾರ್ಯದರ್ಶಿಯ ಸೂಚನೆಯನ್ನೇ ಲೆಕ್ಕ ಹಾಕಿ ನೋಡಿ: ‘ನಾಳೆ ಮಂಜೀರಾ ನೀರು ಬರುವುದಿಲ್ಲ’. ಇಪ್ಪತ್ತನಾಲ್ಕು ಕನ್ನಡ ಸಂಕೇತ, ಮೂರು ಖಾಲಿ ಜಾಗ, ಒಟ್ಟು 75 ಬೈಟ್. ಒಂದು ಪೊಟ್ಟಣಕ್ಕೆ ಹಿಡಿಸದು. ಮೊದಲ ಪೊಟ್ಟಣವನ್ನು ಪೂರ್ತಿ ತುಂಬಿದರೆ ‘ನಾಳೆ ಮಂಜೀರಾ ನೀರು’ ಮತ್ತು ಅದರ ಹಿಂದಿನ ಖಾಲಿ ಜಾಗ ಸೇರಿ ಸರಿಯಾಗಿ 45 ಬೈಟ್ ಆಗುತ್ತದೆ. ‘ಬರುವುದಿಲ್ಲ’ ಎರಡನೆಯ ಪೊಟ್ಟಣಕ್ಕೆ. ಮೊದಲ ಪೊಟ್ಟಣ ಮಾತ್ರ ಬಿಚ್ಚಿ ತೋರಿಸುವ ಅರೆಬರೆ ಮೇಲ್ ತಂತ್ರಾಂಶವಿದ್ದರೆ ಇಡೀ ಕಟ್ಟಡಕ್ಕೆ ನಾಳೆ ನೀರಿನ ಸಂಭ್ರಮ.

ಪೊಟ್ಟಣವನ್ನು ಎಲ್ಲಿ ಬೇಕೆಂದರಲ್ಲಿ ಕತ್ತರಿಸುವಂತಿಲ್ಲ, ಒಂದು ಸಂಕೇತದ ಮೂರು ಬೈಟ್ ಒಂದೇ ಪೊಟ್ಟಣದಲ್ಲಿರಬೇಕು ಎಂದು ನಿಯಮವಿದೆ. ಲೈಬ್ರರಿ ಬಳಸದೆ, ವಿಷಯವನ್ನು ತಾವೇ ಬೈಟ್ ಎಣಿಸಿ ತುಂಡು ಮಾಡುವ ಸ್ಕ್ರಿಪ್ಟುಗಳು ಇಲ್ಲಿ ಎಡವುತ್ತವೆ. ಕನ್ನಡ ಮೇಲ್‌ನ ಶೀರ್ಷಿಕೆಯ ನಡುವೆ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡಿದ್ದರೆ ಅಲ್ಲಿ ಬಹುಶಃ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣದು, ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್.

ಹಳೆಯ ಕಷ್ಟದ ಮುಂದೆ ಇದೇನೂ ಅಲ್ಲ ಬಿಡಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ, ಕನ್ನಡ ಟೈಪ್ ಮಾಡುವ ಸುಖ ಸಿಕ್ಕಿತು. ಆದರೆ ಫಾಂಟ್ ಆಧಾರಿತ ಆ ಬರಹದಲ್ಲಿ ಕನ್ನಡ ಇದ್ದದ್ದು ಕಣ್ಣಿಗೆ ಮಾತ್ರ. ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವೇ. ಪಡೆದವರ ಬಳಿ ಅದೇ ಫಾಂಟ್ ಇಲ್ಲದಿದ್ದರೆ ಮೇಲ್ ತುಂಬ ಅರ್ಥವಿಲ್ಲದ ಗೀಚು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ ಯೂನಿಕೋಡ್ ಕನ್ನಡಕ್ಕೆ ಮನೆಮನೆಯ ಕಂಪ್ಯೂಟರಿನಲ್ಲಿ ಜಾಗ ಸಿಗತೊಡಗಿತು. ಅಲ್ಲಿಯವರೆಗೆ ಹೆಚ್ಚಿನವರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದು ಕೈತೊಳೆದುಕೊಂಡರು. ಬಹಳ ಜನ ಈಗಲೂ ಹಾಗೇ.

ಪ್ರೋಗ್ರಾಮುಗಳು ಮನುಷ್ಯರ ಪತ್ರಕ್ಕೆ ತಮ್ಮ ಮಾತು ಸೇರಿಸುವುದೂ ಹೊಸತೇನಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ತೆರೆದ ಹಾಟ್‌ಮೇಲ್ ಪ್ರತಿ ಪತ್ರದ ಬುಡಕ್ಕೂ ‘ನೀವೂ ಉಚಿತ ಖಾತೆ ಪಡೆಯಿರಿ’ ಎಂಬರ್ಥದ ಸಾಲನ್ನು ತಾನೇ ಅಂಟಿಸುತ್ತಿತ್ತು. ಪ್ರತಿಯೊಬ್ಬ ಬಳಕೆದಾರನೂ ಹೇಳದೆಯೇ ಪ್ರಚಾರಕನಾದ. ಒಂದೂವರೆ ವರ್ಷದಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದೇ ಕಂಪನಿ 1998ರಲ್ಲಿ ಹೈದರಾಬಾದಿನಲ್ಲಿ ತೆರೆದ ಕೇಂದ್ರದ ಆವರಣ ಈಗ ಮೆಹದಿಪಟ್ಟಣಂನಿಂದ ಗಚ್ಚಿಬೌಲಿ ದಾರಿ ಹಿಡಿದರೆ ಸಿಗುತ್ತದೆ.

ಇನ್ನು ಮೋಸದ ಕಥೆ. ಪೋಸ್ಟೆಲ್ ಬರೆದ ಸಂಭಾಷಣೆಯಲ್ಲಿ ‘ಈ ಪತ್ರ ಇಂಥವರಿಂದ’ ಅಂದರೆ ಸರ್ವರ್ ಪ್ರಮಾಣ ಕೇಳುವುದಿಲ್ಲ. ಜಾಲದಲ್ಲಿದ್ದವರು ಹೆಚ್ಚುಕಡಿಮೆ ಪರಸ್ಪರ ಗೊತ್ತಿದ್ದ ಕಾಲ ಅದು. ಆ ಕಾಲದಲ್ಲೂ ಎಲ್ಲರೂ ಮರ್ಯಾದಸ್ಥರಾಗಿರಲಿಲ್ಲ: 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಗ್ಯಾರಿ ತ್ಯುರ್ಕ್ ಸುಮಾರು ನಾನೂರು ಜನರಿಗೆ ತನ್ನ ಕಂಪ್ಯೂಟರುಗಳ ಜಾಹೀರಾತು ಕಳಿಸಿದ. ವಿಳಾಸಗಳು ಎಷ್ಟಿದ್ದವೆಂದರೆ ಅವುಗಳಿಗೆ ಮೀಸಲಾದ ಜಾಗ ಸಾಲದೆ ಉಕ್ಕಿ ಪತ್ರದ ಒಕ್ಕಣೆಯೊಳಗೇ ಹರಿದವು. 1995ರಲ್ಲಿ ಮ್ಯಾಟ್ ರೈಟ್ ಬರೆದ ‘ಫಾರ್ಮ್‌ಮೇಲ್’ ಎಂಬ ಪುಟ್ಟ ಪರ್ಲ್ ಸ್ಕ್ರಿಪ್ಟು ಜಾಲತಾಣಗಳ ಅರ್ಜಿ ನಮೂನೆಗಳನ್ನು ಮೇಲ್ ಮಾಡುತ್ತಿತ್ತು. ಯಾರಿಗೆ ಕಳಿಸಬೇಕೆಂಬುದನ್ನು ಹೊರಗಿನವರು ತಿದ್ದಬಹುದಾಗಿದ್ದರಿಂದ ಸ್ಪ್ಯಾಮ್‌ಗಾರರಿಗೆ ಅದು ಬಿಟ್ಟಿ ಅಂಚೆಕಚೇರಿಯಾಯಿತು. ವಿಷಯದ ಸಾಲಿನಲ್ಲಿ ಗುಟ್ಟಾಗಿ ಒಂದು ಹೊಸ ಸಾಲು ತೂರಿಸಿ, ಅದರಲ್ಲಿ ಸಾವಿರ ಬಿಸಿಸಿ ವಿಳಾಸ ಸೇರಿಸುವುದು ಇದೇ ಜಾತಿಯ ಇನ್ನೊಂದು ಉಪಾಯ. ಪೈಥಾನಿನ ಈಗಿನ ಲೈಬ್ರರಿ ವಿಷಯದಲ್ಲಿ ಸಾಲು ಮುರಿದಿದ್ದರೆ ಪತ್ರ ಕಟ್ಟಲು ಒಪ್ಪುವುದೇ ಇಲ್ಲ.

ನಂಬಿಕೆಗೆ ತೇಪೆ ಹಾಕುತ್ತ ಬಂದ ಮೂರು ಪದ್ಧತಿಗಳಿವೆ. ಎಸ್‌ಪಿಎಫ್: ನಮ್ಮ ಡೊಮೇನಿನ ಪತ್ರ ಇಂತಿಂಥ ಯಂತ್ರಗಳಿಂದ ಮಾತ್ರ ಬರುತ್ತದೆ ಎಂದು ಡೊಮೇನಿನ ಒಡೆಯರು ಜಾಲದ ಹೆಸರುಪಟ್ಟಿಯಲ್ಲಿ ಪ್ರಕಟಿಸುವುದು. ಡಿಕಿಮ್: ಪತ್ರಕ್ಕೆ ಗಣಿತದ ರುಜು ಹಾಕುವುದು, ಗುಟ್ಟಿನ ಕೀಲಿ ಕಳಿಸುವ ಸರ್ವರಿನಲ್ಲಿ, ತಾಳೆ ನೋಡುವ ಕೀಲಿ ಸಾರ್ವಜನಿಕವಾಗಿ. ಡಿಮಾರ್ಕ್: ಈ ಎರಡರಲ್ಲಿ ಒಂದಾದರೂ, ಓದುವವರ ಕಣ್ಣಿಗೆ ಕಾಣುವ ‘ಯಾರಿಂದ’ ಎಂಬ ಹೆಸರಿನೊಂದಿಗೆ ಹೊಂದಬೇಕು, ಇಲ್ಲದಿದ್ದರೆ ಏನು ಮಾಡಬೇಕೆಂದು ಹೇಳುವುದು. ಲಕೋಟೆಗೂ ಪತ್ರದ ತಲೆಗೂ ನಡುವಿನ ಬಿರುಕಿಗೆ ಹಾಕಿದ ಹೊಲಿಗೆ ಇದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು. ಗೂಗಲ್ ಲೆಕ್ಕದಲ್ಲಿ ದೊಡ್ಡ ಪ್ರಮಾಣವೆಂದರೆ ಜಿಮೇಲ್ ಖಾತೆಗಳಿಗೆ ದಿನಕ್ಕೆ ಐದು ಸಾವಿರ. ನಲವತ್ತೆಂಟು ಫ್ಲ್ಯಾಟಿನವರು ಆ ಚಿಂತೆ ಬಿಡಬಹುದು. ಆದರೆ ಬೇರೆ ಡೊಮೇನಿನ ಖಾತೆಯಿಂದ ಒಪ್ಪಿಸಿ, ‘ಯಾರಿಂದ’ ಸಾಲಿನಲ್ಲಿ ಕಾರ್ಯದರ್ಶಿಯ ಆಫೀಸು ವಿಳಾಸ ಬರೆಯುವ ಹುರುಪು ಮಾಡಿದರೆ ಸೂಚನೆ ಸ್ಪ್ಯಾಮ್ ಪೆಟ್ಟಿಗೆ ಸೇರುವ ಸಾಧ್ಯತೆ ಜಾಸ್ತಿ. ಸರ್ವರ್ ಆಗಲೂ 250 ಅಂದಿರುತ್ತದೆ.

ತಲುಪದ ಪತ್ರದ ಸುದ್ದಿ ಬೌನ್ಸ್ ಆಗಿ ಬರುತ್ತದೆ. ಅದರ ಲಕೋಟೆಯಲ್ಲಿ ‘ಯಾರಿಂದ’ ಖಾಲಿ. ಬೇಕೆಂದೇ ಖಾಲಿ. ಬೌನ್ಸ್ ಕೂಡ ತಲುಪದಿದ್ದರೆ ಅದಕ್ಕೊಂದು ಬೌನ್ಸ್, ಅದಕ್ಕೆ ಮತ್ತೊಂದು ಎಂದು ಎರಡು ಸರ್ವರುಗಳು ಪ್ರಳಯದವರೆಗೆ ಚೆಂಡಾಡಬಾರದು. ‘ರಜೆಯಲ್ಲಿದ್ದೇನೆ’ ಎಂಬ ತಾನೇತಾನಾದ ಉತ್ತರಗಳಿಗೂ ಇದೇ ಭಯ. ನಮ್ಮ ಸ್ಕ್ರಿಪ್ಟು ಪತ್ರದ ತಲೆಯಲ್ಲಿ ‘ಇದು ಯಂತ್ರ ಕಳಿಸಿದ್ದು’ ಎಂಬ ಒಂದು ಸಾಲು ಸೇರಿಸಿದರೆ ಸಭ್ಯ ಸರ್ವರುಗಳು ಅದಕ್ಕೆ ರಜೆಯ ಉತ್ತರ ಕಳಿಸುವುದಿಲ್ಲ. 2004ರ ಆರ್‌ಎಫ್‌ಸಿ 3834 ಅದಕ್ಕೆಂದೇ ಇದೆ.

ಒಕ್ಕಣೆ ಕನ್ನಡದಲ್ಲಾಯಿತು, ವಿಷಯ ಕನ್ನಡದಲ್ಲಾಯಿತು. ವಿಳಾಸ? 2012ರ ಆರ್‌ಎಫ್‌ಸಿ 6531 ವಿಳಾಸದಲ್ಲೂ ಯುಟಿಎಫ್-8ಕ್ಕೆ ದಾರಿ ಮಾಡಿತು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂಬ ಡೊಮೇನ್ ಇದೆ. ಪೈಥಾನ್ ಲೈಬ್ರರಿಗೆ ಈ ವಿದ್ಯೆ 2015ರ 3.5ನೆಯ ಆವೃತ್ತಿಯಲ್ಲಿ ಬಂತು. ಆದರೆ ವಿಳಾಸಕ್ಕೆ ಪೊಟ್ಟಣದ ಉಪಾಯ ನಡೆಯದು, ದಾರಿಯ ಪ್ರತಿಯೊಂದು ಸರ್ವರೂ ಕನ್ನಡವನ್ನು ಕನ್ನಡವಾಗಿಯೇ ಹಿಡಿಯಬಲ್ಲದಾಗಿರಬೇಕು. ಹಾಗಾಗಿ ಎಹ್ಲೋಗೆ ಸರ್ವರ್ ಒಪ್ಪಿಸುವ ಪಟ್ಟಿಯಲ್ಲಿ ‘ಎಸ್‌ಎಂಟಿಪಿಯುಟಿಎಫ್8’ ಎಂಬ ಸಾಲಿದೆಯೇ ಎಂದು ಲೈಬ್ರರಿ ಮೊದಲೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ‘ಈ ಪತ್ರ ಇಂಥವರಿಂದ’ ಎನ್ನುವವರೆಗೂ ಹೋಗದೆ, ದೋಷ ಎಸೆದು ನಿಲ್ಲುತ್ತದೆ. ಮೊದಲ ಸರ್ವರಿನಲ್ಲಿ ಆ ಸಾಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಪತ್ರ ನಡುದಾರಿಯಿಂದ ಬೌನ್ಸ್ ಆಗಿ ಮರಳುತ್ತದೆ. ಕಾರ್ಯದರ್ಶಿ ತಮ್ಮ ಎಕ್ಸೆಲ್ ಪಟ್ಟಿಯಲ್ಲಿ ಕನ್ನಡ ವಿಳಾಸ ಕೊಟ್ಟವರ ಎದುರು ಸದ್ಯಕ್ಕೆ ಒಂದು ಇಂಗ್ಲಿಷ್ ವಿಳಾಸವನ್ನೂ, ಅದರ ಪಕ್ಕ ಫ್ಲ್ಯಾಟ್ ನಂಬರನ್ನೂ ಬರೆದಿಟ್ಟುಕೊಳ್ಳುವುದು ಕ್ಷೇಮ. ಬೌನ್ಸ್ ಬಂದರೆ ವಾಚ್‌ಮನ್ ಕೈಯಲ್ಲಿ ಚೀಟಿ ಕಳಿಸಬಹುದು.